ಕಾಟಾ ಕೋಣೆಯ ಪ್ರಿಂಟರಿಗೆ ಬಂದ ಪಟ್ಟಿ

ನನ್ನ ಬೀಳ್ಕೊಡುಗೆಯ ದಿನ ನಮ್ಮ ಸಾವ್ಕಾರ್ರು ಮೈಕು ಹಿಡಿದು, "ನಮ್ಮ ವೀರೇಶ ಇಷ್ಟು ವರ್ಷದಾಗ ಒಬ್ಬ ಗಿರಾಕಿ ಜೋಡಿನೂ ಜಗಳ ಆಡಿಲ್ಲ" ಎಂದು ಹೊಗಳಿದರು. ಹೆಗಲ ಮೇಲೆ ಶಾಲು, ಕೈಯಲ್ಲಿ ಹಣ್ಣಿನ ಬುಟ್ಟಿ, ಎದುರಿಗೆ ಹೆಂಡತಿ ಮಕ್ಕಳು. ಎದ್ದು ನಿಂತು ಸುಳ್ಳು ಅನ್ನಲು ಆಗಲಿಲ್ಲ. ಈಗ ಶಾಲು ಪೆಟ್ಟಿಗೆ ಸೇರಿದೆ, ಹಣ್ಣು ತಿಂದಾಗಿದೆ, ಹಾಗಾಗಿ ಅನ್ನುತ್ತೇನೆ. ಶುದ್ಧ ಸುಳ್ಳು. ಗಿರಾಕಿಗಳ ಜೊತೆ ಜಗಳ ಆಡಿದ್ದೇನೆ, ಸಾವ್ಕಾರ್ರ ಜೊತೆಗೂ ಆಡಿದ್ದೇನೆ. ಅದರಲ್ಲಿ ಒಂದು ಜಗಳವನ್ನಂತೂ ಇನ್ನೊಮ್ಮೆ ಆಡಬೇಕಾಗಿ ಬಂದರೆ ಇವತ್ತೇ ಚಪ್ಪಲಿ ಮೆಟ್ಟಿ ಹೊರಡುತ್ತೇನೆ.

ಆ ಜಗಳ ಒಬ್ಬ ಹೆಣ್ಣುಮಗಳ ಕೆಲಸದ ಬಗ್ಗೆ. ಹೆಸರು ಹುಲಿಗೆಮ್ಮ. ಸಂಡೂರಿನ ಒಂದು ಅದಿರು ಕಂಪನಿಯಲ್ಲಿ ಲಾರಿ ತೂಗುವ ವೇಬ್ರಿಜ್ಜಿನ ಆಪರೇಟರ್. ವೇಬ್ರಿಜ್ಜಿಗೆ ನಮ್ಮ ಕಡೆ ಕಾಟಾ ಅನ್ನುತ್ತಾರೆ. ಆಕೆಯ ಮೇಲೆ ಕಳ್ಳತನದ ಆರೋಪ ಬಂತು, ಅದಕ್ಕೆ ಬೇಕಿದ್ದ ಸಾಕ್ಷಿ ನನ್ನದೊಂದು ಸಹಿ. ಹಾಕಿದ್ದರೆ ಆಕೆಯ ಕೆಲಸ ಹೋಗುತ್ತಿತ್ತು, ಹಾಕದಿದ್ದರೆ ನನ್ನದು ಹೋಗುವ ಹಾಗಿತ್ತು. ಈ ಕಸುಬಿಗೆ ಹೊಸದಾಗಿ ಬರುವವರು ನನಗೆ ಫೋನು ಮಾಡಿ, "ಅಂಕಲ್, ನೆಟ್‌ವರ್ಕ್ ಪ್ರಿಂಟರ್ ಕನೆಕ್ಟ್ ಆಗಲಿಲ್ಲಾಂದ್ರ ಮೊದಲು ಏನ್ ನೋಡಬೇಕ್ರೀ?" ಎಂದು ಕೇಳುತ್ತಾರೆ. ಹೇಳುತ್ತೇನೆ. ಎಲ್ಲಾ ನೋಡಿ ಮುಗಿಸಿದ ಮೇಲೆ ಕಾಗದದಲ್ಲಿ ಏನು ಬರೆಯಬೇಕು ಎಂದು ಮಾತ್ರ ಒಬ್ಬರೂ ಕೇಳುವುದಿಲ್ಲ. ಕೇಳದಿದ್ದರೂ ಹೇಳುವ ಚಟ ನನಗುಂಟು.

ನಾನು ಚಿತ್ತವಾಡ್ಗಿಯವನು. ಟೈಪ್‌ರೈಟರ್ ರಿಪೇರಿಯಿಂದ ಶುರು ಮಾಡಿದವನು. ಕಚೇರಿಗಳಿಗೆ ಕಂಪ್ಯೂಟರ್ ಬಂದಾಗ ಟೈಪ್‌ರೈಟರ್‌ಗಳು ಗುಜರಿಗೆ ಹೋದವು. ನಾನು ಹೋಗಲಿಲ್ಲ, ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಕಲಿತೆ. ಕರ್ರೋ ಎಂದು ಇಡೀ ಕಚೇರಿಗೆ ಕೇಳುವ ಹಾಗೆ ಅರಚುವ ಯಂತ್ರ ಅದು. ಆಗ ಒಂದು ಕಂಪ್ಯೂಟರು, ಒಂದು ವೈರು, ಒಂದು ಪ್ರಿಂಟರು. ವೈರಿನ ಎರಡು ತುದಿ ನೋಡಿದರೆ ಅರ್ಧ ಕೆಲಸ ಮುಗಿಯುತ್ತಿತ್ತು. ಆಮೇಲೆ ನೆಟ್‌ವರ್ಕ್ ಬಂತು. ಹತ್ತು ಮೇಜಿಗೆ ಒಂದು ಪ್ರಿಂಟರ್, ಅದೂ ಪಕ್ಕದ ಕೋಣೆಯಲ್ಲಿ. ಒತ್ತಿದವರು ಒಂದು ಕಡೆ, ಕಾಗದ ಇನ್ನೊಂದು ಕಡೆ, ನಡುವೆ ಗೋಡೆ. ಮೊದಲೆಲ್ಲ ಪ್ರಿಂಟ್ ಬರದಿದ್ದರೆ ಯಂತ್ರವನ್ನು ಬೈಯುತ್ತಿದ್ದರು. ಈಗ ಯಾರು ಕೆಡಿಸಿದರು ಎಂದು ಹುಡುಕತೊಡಗಿದರು.

ನಮ್ಮದು ಹೊಸಪೇಟೆ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿದ್ದ ಸಣ್ಣ ಸರ್ವಿಸ್ ಏಜೆನ್ಸಿ. ಹೊಸಪೇಟೆ, ಕಂಪ್ಲಿ, ಹಂಪಿ, ಸಂಡೂರುಗಳ ಕಚೇರಿಗಳು ನಮ್ಮ ಪಾಲಿನವು. ಸಾವ್ಕಾರ್ರು ಕೆಟ್ಟವರಲ್ಲ. ಊಟದ ಹೊತ್ತಿಗೆ ಬಂದವರನ್ನು ಉಪವಾಸ ಕಳಿಸಿದವರಲ್ಲ, ನನ್ನ ಮಗಳ ಮದುವೆಯಲ್ಲಿ ನಿಂತು ಬಡಿಸಿದವರು. ಆದರೆ ಕೆಲಸಕ್ಕೆ ಸೇರಿದ ಮೊದಲ ವಾರವೇ ಒಂದು ಪಾಠ ಹೇಳಿಕೊಟ್ಟರು. ಪ್ರತಿ ರಿಪೇರಿಗೂ ಒಂದು ಸರ್ವಿಸ್ ಶೀಟು ತುಂಬಬೇಕಿತ್ತು. ಕಾರ್ಬನ್ ಇಟ್ಟು ಮೂರು ಪ್ರತಿ, ಬಿಳಿಯದು ಗಿರಾಕಿಗೆ, ಹಳದಿಯದು ಏಜೆನ್ಸಿಗೆ, ಗುಲಾಬಿಯದು ಪುಸ್ತಕದಲ್ಲೇ. ಅದರಲ್ಲಿ 'ದೋಷದ ಕಾರಣ' ಎಂದೊಂದು ಕಾಲಂ.

"ಕಾರಣ ಗೊತ್ತಾಗಲಿಲ್ಲಾಂದ್ರ ತಲಿ ಕೆಡಿಸ್ಕೋಬ್ಯಾಡ" ಎಂದರು ಸಾವ್ಕಾರ್ರು. "ಆಪರೇಟರ್ ಮಿಸ್ಟೇಕ್ ಅಂತ ಎಲ್ಡು ಶಬ್ದ ಬರಿ. ಮಷೀನ್ ಮ್ಯಾಲೂ ಬರಾದಿಲ್ಲ, ನಮ್ಮ ಮ್ಯಾಲೂ ಬರಾದಿಲ್ಲ."

ಇದು ನಮ್ಮ ಏಜೆನ್ಸಿಯೊಂದರ ಪದ್ಧತಿಯಲ್ಲ. ನಾನು ಕಂಡ ಮೆಕ್ಯಾನಿಕ್‌ಗಳೆಲ್ಲ ಹಾಗೇ ಬರೆಯುತ್ತಿದ್ದರು. ಆಪರೇಟರ್ ಎಂದರೆ ಕಚೇರಿಯಲ್ಲಿ ಎಲ್ಲರಿಗಿಂತ ಕೆಳಗೆ ಕೂತವರು, ಶೀಟನ್ನು ಓದಲು ಅವರ ಕೈಗೆ ಯಾರೂ ಕೊಡುವುದಿಲ್ಲ. ನಾನೂ ಬರೆದೆ, ವರ್ಷಗಟ್ಟಲೆ ಬರೆದೆ.

ಕಂಪ್ಲಿಯ ಅಕ್ಕಿ ಗಿರಣಿಯೊಂದರಲ್ಲಿ ಬರೆದದ್ದು ಮಾತ್ರ ಇವತ್ತಿಗೂ ಗಂಟಲಲ್ಲಿ ಸಿಕ್ಕಿಕೊಂಡಿದೆ. ಅಲ್ಲಿ ಬೆಳಿಗ್ಗೆ ಪ್ರಿಂಟ್ ಬರುತ್ತಿತ್ತು, ಮಧ್ಯಾಹ್ನದ ಮೇಲೆ ನಿಲ್ಲುತ್ತಿತ್ತು. ಮೂರು ಸಲ ಹೋದೆ, ಮೂರು ಸಲವೂ ಬೆಳಿಗ್ಗೆಯೇ. ವೈರು ಬದಲಿಸಿದೆ, ಪ್ರಿಂಟರಿನೊಳಗಿನ ಕಾರ್ಡು ಬದಲಿಸಿದೆ, ಕಂಪ್ಯೂಟರಿನಲ್ಲಿ ಪ್ರಿಂಟರಿನ ಹೆಸರು ಅಳಿಸಿ ಹೊಸದಾಗಿ ಸೇರಿಸಿದೆ. ನಾನು ಕೂತಿದ್ದಷ್ಟು ಹೊತ್ತು ಚೆನ್ನಾಗಿ ಬರುತ್ತಿತ್ತು. ವಾಪಸು ಕಮಲಾಪುರ ಮುಟ್ಟುವಷ್ಟರಲ್ಲಿ ಫೋನು, "ಮತ್ತ ನಿಂತೈತ್ರಿ." ಆಪರೇಟರ್ ಹನುಮಂತ ಎಂಬುವವನು ಪ್ರತಿ ಸಲ ನನಗೆ ಒಗ್ಗರಣಿ ಮಿರ್ಚಿ ತರಿಸಿಕೊಟ್ಟು, "ಅಣ್ಣಾ, ನಾ ಏನೂ ಮುಟ್ಟಿಲ್ಲಣ್ಣ" ಅನ್ನುತ್ತಿದ್ದ. ಮೂರನೇ ಸಲ ನನಗೆ ರೇಗಿತ್ತು, ಮಾನವೂ ಹೋಗುವ ಹಾಗಿತ್ತು. ಅವನ ಮಿರ್ಚಿ ತಿಂದು, ಅದೇ ಕೈಯಲ್ಲಿ 'ಆಪರೇಟರ್ ಮಿಸ್ಟೇಕ್' ಎಂದು ಬರೆದು ಬಂದೆ.

ಒಂದು ತಿಂಗಳ ಮೇಲೆ ಬೇರೆ ಕೆಲಸಕ್ಕೆ ಅದೇ ಗಿರಣಿಗೆ ಹೋದೆ. ಊಟ ಮುಗಿಸಿ ಬಂದ ಮುದಿ ಗುಮಾಸ್ತರು ಸೀದಾ ಗೋಡೆಯ ಬಳಿ ಹೋಗಿ ಒಂದು ಸ್ವಿಚ್ಚು ಆರಿಸಿದ್ದನ್ನು ಕಣ್ಣಾರೆ ಕಂಡೆ. ನೆಟ್‌ವರ್ಕಿನ ವೈರುಗಳೆಲ್ಲ ಸೇರುವ ಪುಟ್ಟ ಡಬ್ಬಿಯ ಸ್ವಿಚ್ಚು ಅದು.

"ಯಾಕ್ರೀ ಅಜ್ಜಾರ, ಅದನ್ನ ಯಾಕ ಆರಿಸಿದ್ರಿ?"

"ಸುಮ್ಮನ ಮಿಣಿಮಿಣಿ ಉರಿತಿರ್ತದಲ್ಲಪ. ಮುಂಜಾನಿ ಸರಿ, ಕತ್ಲಿರ್ತದ. ಮಟಮಟ ಮಧ್ಯಾಹ್ನ ದೀಪ ಯಾಕ ಬೇಕು?"

"ಮೂರು ಸಲ ಬಂದಿದ್ನಲ್ರಿ ನಾ! ಒಂದು ಮಾತು ಹೇಳಬಾರ್ದಾಗಿತ್ತಾ?"

"ನೀ ಕೇಳ್ಲೇ ಇಲ್ಲಲ್ಲಪ. ಮಷೀನ್ ಬಿಚ್ಚಿಕೋತ ಕುಂತಿದ್ದಿ."

ಹನುಮಂತನ ಕುರ್ಚಿಯಲ್ಲಿ ಬೇರೊಬ್ಬ ಕೂತಿದ್ದ. ನನ್ನ ಎರಡು ಶಬ್ದ ಓದಿದ ಗಿರಣಿ ಮಾಲೀಕರು ಅವನನ್ನು ಮರುವಾರವೇ ಬಿಡಿಸಿದ್ದರು. ಓಡಿಹೋಗಿ ವಿಷಯ ಹೇಳಿದೆ. "ಹೌದೇನ್ರೀ? ಛೇ. ಹೋಗ್ಲಿ ಬಿಡ್ರಿ, ಈಗ ಬ್ಯಾರೇವ್ನ ಇಟ್ಕಂಡೀವಿ" ಎಂದರು. ನಾನೂ ಬಿಟ್ಟು ಬಂದೆ. ಹನುಮಂತನ ಮನೆ ಹುಡುಕಿಕೊಂಡು ಹೋಗಬಹುದಿತ್ತು, ಹೋಗಲಿಲ್ಲ. ಹೆದರಿದೆ. ಮುಖ ತೋರಿಸಲು ನಾಚಿಕೆಯಾಯಿತು. ಇದನ್ನು ಬರೆಯುವಾಗಲೂ ಆಗುತ್ತಿದೆ.

ಅಲ್ಲಿಂದ ಮುಂದೆ ಆ ಎರಡು ಶಬ್ದ ಬರೆಯುವುದನ್ನು ನಿಲ್ಲಿಸಿದೆ. ಕಾರಣ ತಿಳಿದರೆ ಕಾರಣ, ತಿಳಿಯದಿದ್ದರೆ 'ತಿಳಿಯಲಿಲ್ಲ'. ಸಾವ್ಕಾರ್ರು ಹಳದಿ ಪ್ರತಿ ನೋಡಿ ಹಣೆ ಚಚ್ಚಿಕೊಳ್ಳುತ್ತಿದ್ದರು. "ತಿಳಿಯಲಿಲ್ಲ ಅಂತ ಬರೀತಾರೇನಲೇ? ಡಾಕ್ಟ್ರು ಹಂಗ ಬರೀತಾರಾ?"

"ಅವ್ರೂ ಹಂಗ ಬರದ್ರ ನಾಕು ಜನ ಬದುಕ್ತಿದ್ರು ಬಿಡ್ರಿ" ಎಂದು ಬಾಯಿಗೆ ಬಂದದ್ದು ಅಂದುಬಿಟ್ಟಿದ್ದೆ.

ಯಂತ್ರ ಮುಟ್ಟುವ ಮೊದಲು ಜನರನ್ನು ಮಾತಾಡಿಸುವ ಅಭ್ಯಾಸವೂ ಅಲ್ಲಿಂದಲೇ ಬಂತು. ಹಂಪಿಯಲ್ಲಿ ಬಾಳೆತೋಟದ ಪಕ್ಕ ಗೆಸ್ಟ್ ಹೌಸ್ ನಡೆಸುವ ಗಂಗಮ್ಮ ಎಂಬಾಕೆ, ವೈಫೈ ಪ್ರಿಂಟರ್ ಕೆಟ್ಟಿದೆ, ಮಂಗ ಬಂದು ಎಳೆದಾಡಿದೆ ಎಂದು ಕರೆಸಿದ್ದರು. ಮೊದಲು ಕೂತು ಚಹಾ ಕುಡಿದೆ. ಮಾತಿನ ನಡುವೆ, ಒಂದು ಸಲ ಉಳಿದು ಹೋದವರು ಪಕ್ಕದ ಗೆಸ್ಟ್ ಹೌಸಿನಲ್ಲಿ ಕೂತು ತಮ್ಮ ವೈಫೈ ಬಳಸುತ್ತಾರೆಂದು ಹದಿನೈದು ದಿನಕ್ಕೊಮ್ಮೆ ಪಾಸ್‌ವರ್ಡ್ ಬದಲಿಸುವುದಾಗಿ ಆಕೆಯೇ ಹೆಮ್ಮೆಯಿಂದ ಹೇಳಿದರು.

"ಪ್ರಿಂಟರ್‌ಗೆ ಹೊಸ ಪಾಸ್‌ವರ್ಡ್ ಹೇಳೀರೇನ್ರಿ ಗಂಗಮ್ಮಾರ?"

"ಅಯ್ಯ, ಅದಕ್ಯಾಕ್ರೀ? ಅದೇನು ಗೆಸ್ಟಾ? ಮನಿ ಮಷೀನು, ಒಳಗ ಐತಿ."

ಐದು ನಿಮಿಷದ ಕೆಲಸ. ಕಾರಣದ ಕಾಲಂನಲ್ಲಿ 'ಪಾಸ್‌ವರ್ಡ್ ಬದಲಾಗಿತ್ತು' ಎಂದು ಬರೆದೆ. ಪಾಪದ ಮಂಗನ ಹೆಸರೂ ಕೆಡಲಿಲ್ಲ.

ಇನ್ನು ಸಂಡೂರಿನ ವಿಷಯ. ಅಲ್ಲಿ ಬಿಳಿ ಪ್ರಿಂಟರು ಒಂದೇ ಮಳೆಗಾಲ ಬಿಳಿಯಾಗಿರುತ್ತದೆ, ಆಮೇಲೆ ಅದಿರಿನ ಧೂಳು ಕೂತು ಕೆಂಪಾಗುತ್ತದೆ. ಆ ಕಂಪನಿಗೆ ಒಂದೇ ಮಾದರಿಯ ಎರಡು ನೆಟ್‌ವರ್ಕ್ ಪ್ರಿಂಟರ್‌ಗಳನ್ನು ನಾನೇ ಹಾಕಿಕೊಟ್ಟಿದ್ದೆ. ಒಂದು ಮ್ಯಾನೇಜರ ಕ್ಯಾಬಿನ್ನಿನಲ್ಲಿ, ಇನ್ನೊಂದು ಅಂಗಳದಾಚೆಯ ಕಾಟಾ ಕೋಣೆಯಲ್ಲಿ. ತೂಕದ ಚೀಟಿ ಹೊಡೆಯಲು ಅಲ್ಲಿ ಹಳೆಯ ಡಾಟ್ ಮ್ಯಾಟ್ರಿಕ್ಸ್ ಬೇರೆಯೇ ಇತ್ತು. ಹೊಸ ಪ್ರಿಂಟರಿಗೆ ಒಂದೇ ಕೆಲಸ. ಅವತ್ತು ಯಾವ ಯಾವ ಟಿಪ್ಪರ್ ಲೋಡಿಗೆ ಹೋಗಬೇಕೆಂಬ ಡ್ರೈವರ್‌ಗಳ ಪಟ್ಟಿಯನ್ನು ಕಚೇರಿಯ ಗುಮಾಸ್ತ ಬೆಳಿಗ್ಗೆ ತನ್ನ ಮೇಜಿನಿಂದಲೇ ಅದಕ್ಕೆ ಕಳಿಸುತ್ತಿದ್ದ. ಕಾಗದ ಬಂದ ಕೂಡಲೇ ಹುಲಿಗೆಮ್ಮ ಮೈಕಿನಲ್ಲಿ ಒಂದೊಂದೇ ಹೆಸರು ಕೂಗುತ್ತಿದ್ದರು. ಹೆಸರು ಕೇಳಿದವರು ಟಿಪ್ಪರ್ ತಂದು ಸಾಲಿಗೆ ನಿಲ್ಲಿಸುತ್ತಿದ್ದರು. ಮೊದಲು ಹೆಸರು ಬಂದವನಿಗೆ ಮೊದಲ ಲೋಡು.

ಇಲ್ಲೊಂದು ತಾಂತ್ರಿಕ ವಿಷಯ ಹೇಳಲೇಬೇಕು. ನೆಟ್‌ವರ್ಕಿನಲ್ಲಿ ಪ್ರತಿ ಪ್ರಿಂಟರಿಗೂ ಒಂದು ನಂಬರಿರುತ್ತದೆ. ಕಂಪ್ಯೂಟರಿಗೆ ಪ್ರಿಂಟರಿನ ಮುಖ ಗೊತ್ತಿಲ್ಲ, ನಂಬರಷ್ಟೇ ಗೊತ್ತು. ಕಾಗದವನ್ನು ಆ ನಂಬರಿಗೆ ಕಳಿಸಿ ಕೈತೊಳೆದುಕೊಳ್ಳುತ್ತದೆ. ನಂಬರು ಹಂಚುವುದು ರೂಟರ್ ಎಂಬ ಡಬ್ಬಿ. ನಾವು ಖಾಯಂ ನಂಬರು ಬರೆದಿಡದಿದ್ದರೆ, ಕ್ಲಿನಿಕ್ಕಿನಲ್ಲಿ ಕಂಪೌಂಡರ್ ಚೀಟಿ ಕೊಟ್ಟ ಹಾಗೆ, ಮೊದಲು ಬಂದವರಿಗೆ ಮೊದಲ ನಂಬರು ಕೊಡುತ್ತದೆ. ಎಲ್ಲವನ್ನೂ ಒಟ್ಟಿಗೆ ಆರಿಸಿ ಮತ್ತೆ ಹಚ್ಚಿದರೆ ನಂಬರುಗಳು ಅದಲು ಬದಲಾಗಬಹುದು. ಅದಕ್ಕೇ ಪ್ರಿಂಟರಿಗೆ ಖಾಯಂ ನಂಬರು ಕೊಟ್ಟೇ ಎದ್ದು ಬರಬೇಕು. ಇದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಸಂಡೂರಿನಲ್ಲಿ ಆ ದಿನ ಕಡೆಯ ಬಸ್ಸಿಗೆ ಅವಸರವಿತ್ತು. ಮುಂದಿನ ಸಲ ಬಂದಾಗ ಮಾಡಿದರಾಯಿತು ಎಂದುಕೊಂಡೆ. ಮುಂದಿನ ಸಲವೂ ಅದನ್ನೇ ಅಂದುಕೊಂಡೆ. ಬೈಯುವವರು ಬೈಯಬಹುದು.

ನಮ್ಮ ಸೀಮೆಯಲ್ಲಿ ಎಲ್ಲಾ ಯಂತ್ರಗಳೂ ಒಟ್ಟಿಗೆ ಆರುವ ದಿನ ವರ್ಷಕ್ಕೊಂದು ಬರುತ್ತದೆ, ಆಯುಧಪೂಜೆ. ಟಿಪ್ಪರ್ ಗಾಲಿಗೆ ನಿಂಬೆಹಣ್ಣು, ಬಾನೆಟ್ಟಿಗೆ ಬಾಳೆಕಂದು, ಒಳಗೆ ಕಂಪ್ಯೂಟರು ಪ್ರಿಂಟರುಗಳಿಗೆ ವಿಭೂತಿ ಕುಂಕುಮ. ಹಬ್ಬ ಮುಗಿದ ಮೇಲಿನ ವಾರವೆಲ್ಲ ನನಗೆ ಬಿಡುವಿಲ್ಲ. ರೋಲರಿನಲ್ಲಿ ಸೇವಂತಿಗೆ ಎಸಳು, ಕಾಗದದ ಟ್ರೇಯಲ್ಲಿ ನೈವೇದ್ಯದ ಮಂಡಕ್ಕಿ. ಪಟ್ಟಣದಿಂದ ಬರುವ ಎಂಜಿನಿಯರುಗಳು ಇದನ್ನು ನೋಡಿ ನಗುತ್ತಾರೆ. ನಗಬೇಡಿ. ನಾನೂ ನನ್ನ ಸ್ಕ್ರೂಡ್ರೈವರುಗಳಿಗೆ ಪೂಜೆ ಮಾಡುತ್ತೇನೆ. ಅನ್ನ ಕೊಡುವ ವಸ್ತುವಿಗೆ ವರ್ಷಕ್ಕೊಮ್ಮೆ ಕೈಮುಗಿಯುವುದರಲ್ಲಿ ತಪ್ಪಿಲ್ಲ. ವರ್ಷಕ್ಕೊಮ್ಮೆ ಪೂಜೆ ಆಗುತ್ತದೆಂದು ಗೊತ್ತಿದ್ದೂ ಅದನ್ನು ತಾಳಿಕೊಳ್ಳದ ವ್ಯವಸ್ಥೆ ಮಾಡಿ ಬರುತ್ತೇವಲ್ಲ, ತಪ್ಪು ಅದು.

ಆ ವರ್ಷ ಹಬ್ಬ ಕಳೆದು ಕಚೇರಿ ತೆರೆದ ಮೊದಲ ದಿನ ಸಂಡೂರಿನಿಂದ ಫೋನು ಬಂತು, ಮ್ಯಾನೇಜರ ಪ್ರಿಂಟರ್ ಕೆಲಸ ಮಾಡುತ್ತಿಲ್ಲ ಎಂದು. ಬೈಕು ಹತ್ತಿ ಹೋದೆ. ಗೇಟಿನಲ್ಲಿ ಟಿಪ್ಪರುಗಳು ಅಡ್ಡಡ್ಡ ನಿಂತಿವೆ, ಡ್ರೈವರುಗಳು ಕೆಳಗಿಳಿದು ಗುಂಪು ಕಟ್ಟಿದ್ದಾರೆ. ವಾಚ್‌ಮನ್ ನನ್ನನ್ನು ತಡೆದ. "ಅಣ್ಣಾ, ಸ್ವಲ್ಪ ತಡದು ಹೋಗು. ಸಾಹೇಬ್ರು ಬೆಂಕಿ ಆಗ್ಯಾರ."

ಮ್ಯಾನೇಜರ್ ಸಾಹೇಬರು ಮಾತ್ರ ನನ್ನನ್ನು ಕಂಡು, "ಬರ್ರಿ ವೀರೇಶ, ಕುಂದ್ರಿ. ಚಾ ತರಸ್ತೀನಿ" ಎಂದರು. ಅಷ್ಟು ವರ್ಷದಲ್ಲಿ ಆ ಕುರ್ಚಿಯಲ್ಲಿ ನನ್ನನ್ನು ಕೂರಿಸಿದ್ದು ಅದೇ ಮೊದಲು. ಏನೋ ಐತಿ ಎಂದುಕೊಂಡೆ.

ವಿಷಯ ಹೀಗಿತ್ತು. ಬರುವ ತಿಂಗಳಿಂದ ಹನ್ನೆರಡು ಮಂದಿ ಡ್ರೈವರುಗಳನ್ನು ಕೆಲಸದಿಂದ ತೆಗೆಯುವುದೆಂದು ತೀರ್ಮಾನವಾಗಿತ್ತು. ತಿಂಗಳ ಕೊನೆಯ ದಿನದವರೆಗೂ ಅವರಿಗೆ ತಿಳಿಯಬಾರದು. ಆ ಬೆಳಿಗ್ಗೆ ಮ್ಯಾನೇಜರು ಪಟ್ಟಿಯನ್ನು ಪ್ರಿಂಟಿಗೆ ಕೊಟ್ಟರು. ಬರಲಿಲ್ಲ. ಮತ್ತೆ ಒತ್ತಿದರು, ಮತ್ತೆ ಒತ್ತಿದರು, ಒಟ್ಟು ನಾಲ್ಕು ಸಲ. ಆಮೇಲೆ ಬೈದುಕೊಳ್ಳುತ್ತ ಎದ್ದು ಗಣಿಯ ಕಡೆ ಹೋದರು. ಅವರು ತಿರುಗಿ ಬರುವಷ್ಟರಲ್ಲಿ ಪಟ್ಟಿಯ ನಾಲ್ಕು ಪ್ರತಿ ಡ್ರೈವರುಗಳ ಕೈಯಲ್ಲಿದ್ದವು.

"ಆ ಕಾಟಾ ಆಪರೇಟರ್ ಮಾಡಿದ ಕೆಲಸ" ಎಂದರು ಸಾಹೇಬರು. "ನಾ ಹೊರಗ ಹೋದಾಗ ನನ್ನ ಕ್ಯಾಬಿನ್‌ಗೆ ಬಂದು, ಕಂಪ್ಯೂಟರ್‌ನ್ಯಾಗಿಂದ ಕದ್ದು ಹೊಡ್ಕಂಡಾಳ."

"ಆಕಿ ಬಂದದ್ದು ಯಾರಾರ ನೋಡ್ಯಾರೇನ್ರಿ ಸರ?"

"ನೋಡಾದೇನೈತಿ? ಕಾಗದ ಆಕಿ ಕೈಯಾಗಿತ್ತಲ್ಲ! ನೀವು ಶೀಟಿನ್ಯಾಗ ಬರೀರಿ, ಪ್ರಿಂಟರ್ ಸರಿ ಐತಿ, ಆಪರೇಟರ್ ಕೈಚಳಕ ಮಾಡ್ಯಾಳ ಅಂತ. ಅದನ್ನ ಹಚ್ಚಿ ಆಕಿನ್ನ ಇವತ್ತೇ ತೆಗೀತೀನಿ, ಪೋಲೀಸ್ ಕಂಪ್ಲೇಂಟೂ ಕೊಡ್ತೀನಿ."

ಕಳ್ಳಿ ಎಂಬ ಹೆಸರು ಹೊತ್ತ ಹೆಂಗಸಿಗೆ ಸಂಡೂರಿನ ಯಾವ ಗೇಟಿನಲ್ಲಿ ಕೆಲಸ ಸಿಗುತ್ತದೆ? "ಮಷೀನ್ ನೋಡಿ ಬರೀತೀನ್ರಿ" ಎಂದು ಎದ್ದೆ. ಚಹಾ ಬಂದಿತ್ತು, ಮುಟ್ಟಲಿಲ್ಲ.

ಕಾಟಾ ಕೋಣೆಯಲ್ಲಿ ಹುಲಿಗೆಮ್ಮ ನಿಂತೇ ಇದ್ದರು. ಕಣ್ಣು ಕೆಂಪಾಗಿತ್ತು, ಮಾತು ಮಾತ್ರ ನೆಟ್ಟಗಿತ್ತು.

"ಅಣ್ಣಾ, ನಾ ಆ ಕ್ಯಾಬಿನ್ ಹೊಸ್ತಿಲನೂ ತುಳಿದಿಲ್ಲ. ಇದೇ ಮಷೀನಿಂದ ತಾನಾಗೇ ಬಂತು. ನಾ ದಿನಾ ಬರೋ ಲೋಡಿನ ಪಟ್ಟಿ ಅನ್ಕಂಡೆ. ಮೈಕ್ ತಗಂಡು ಕೂಗಿದೆ. ತಿಪ್ಪೇಸ್ವಾಮಿ, ಹೊನ್ನೂರಸ್ವಾಮಿ, ಖಾದರ್ ಬಾಷಾ... ಮೊದಲ ಲೋಡು ಸಿಕ್ತಂತ ಎಲ್ಲಾರೂ ಜಲ್ದಿ ಜಲ್ದಿ ಗಾಡಿ ತಂದು ನಿಲ್ಲಿಸಿದ್ರು." ಆಕೆ ಕಿಟಕಿಯ ಕಡೆ ತಿರುಗಿದರು. "ಹನ್ನೆರಡನೇ ಹೆಸರು ಓದಿದ ಮ್ಯಾಲೆ ಕೆಳಗಿನ ಸಾಲು ನೋಡಿದೆ. ಇವರನ್ನ ಕೆಲಸದಿಂದ ತೆಗೆದೈತಿ ಅಂತ ಐತಿ. ತಿಪ್ಪೇಸ್ವಾಮಿ ಕಿಟಕಿ ಮುಂದ ನಕ್ಕೋತ ನಿಂತಾನ. ಏನ್ ಹೇಳ್ಲಿ ಆತಗ? ಮುಚ್ಚಿಡಾಕ ಮನಸ್ಸು ಬರ್ಲಿಲ್ಲಣ್ಣ. ಕಾಗದಾನ ಕೊಟ್ಟುಬಿಟ್ಟೆ."

ಪ್ರಿಂಟರಿನ ಮೇಲೆ ಕುಂಕುಮ ಇನ್ನೂ ಹಸಿಯಾಗಿರುವಂತೆ ಕಾಣುತ್ತಿತ್ತು. "ಹಬ್ಬದ ದಿನ ಇದನ್ನ ಎಲ್ಲಿಗೆ ಒಯ್ದಿದ್ರಿ?" ಎಂದು ಕೇಳಿದೆ.

"ಸಾಹೇಬ್ರ ಕ್ಯಾಬಿನ್ ಮುಂದಕ್ಕ. ಎಲ್ಲಾ ಮಷೀನ್ ಒಂದ್ ಸಾಲಿಗೆ ಇಡ್ರಿ, ಧಣಿಗಳ ಜೋಡಿ ಫೋಟೋ ತೆಗಿಬೇಕು ಅಂದಿದ್ರು. ಪೂಜಿ ಆದ ಮ್ಯಾಲೆ ಮೊದಲು ಇದನ್ನ ತಂದು ನಾನೇ ಹಚ್ಚಿದೆ."

ಪ್ರಿಂಟರಿನ ಗುಂಡಿಯೊಂದನ್ನು ಒತ್ತಿ ಹಿಡಿದರೆ ಅದು ತನ್ನ ನಂಬರನ್ನು ತಾನೇ ಮುದ್ರಿಸಿ ಕೊಡುತ್ತದೆ. ಒತ್ತಿದೆ. ಕಾಗದದಲ್ಲಿದ್ದದ್ದು ಮ್ಯಾನೇಜರ ಪ್ರಿಂಟರಿನ ಹಳೆಯ ನಂಬರು. ಮೊದಲು ಹಚ್ಚಿದ್ದಕ್ಕೆ ಮೊದಲ ಚೀಟಿ ಸಿಕ್ಕಿತ್ತು. ಕಂಪ್ಯೂಟರುಗಳೆಲ್ಲ ಆದ ಮೇಲೆ ಹಚ್ಚಿದ ಕ್ಯಾಬಿನ್ನಿನ ಪ್ರಿಂಟರಿಗೆ ಯಾವ ಕಂಪ್ಯೂಟರಿಗೂ ಗೊತ್ತಿಲ್ಲದ ಹೊಸ ನಂಬರು ಸಿಕ್ಕಿರಬೇಕು. ದಿನದ ಪಟ್ಟಿ ಕಳಿಸುವ ಗುಮಾಸ್ತ ಹಬ್ಬದ ರಜೆಯಲ್ಲಿದ್ದ; ಅವನು ಕಳಿಸಿದ್ದರೆ ಅದು ಕಾಟಾಕ್ಕೆ ಬಾರದೆ ಆಗಲೇ ಅನುಮಾನ ಹುಟ್ಟುತ್ತಿತ್ತು. ಯಾರೂ ಕದ್ದಿರಲಿಲ್ಲ. ನಾಲ್ಕು ಸಲ ಒತ್ತಿದ ಸಾಹೇಬರೇ ನಾಲ್ಕು ಪ್ರತಿಯನ್ನು ತಮ್ಮ ಕೈಯಾರೆ ಕಾಟಾ ಕೋಣೆಗೆ ಕಳಿಸಿದ್ದರು. ಅದಕ್ಕೆ ದಾರಿ ಮಾಡಿಕೊಟ್ಟವನು ಖಾಯಂ ನಂಬರು ಹಾಕದ ನಾನು.

ಇದು ಆ ಅಂಗಳದಲ್ಲಿ ನನ್ನೊಬ್ಬನಿಗೆ ಗೊತ್ತಿತ್ತು. ಎರಡು ನಿಮಿಷದಲ್ಲಿ ನಂಬರು ಸರಿಮಾಡಿ, ಎರಡು ಶಬ್ದ ಬರೆದು, ಬೈಕು ಹತ್ತಬಹುದಿತ್ತು. ಆ ಯೋಚನೆ ಬರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಬಂತು. ಅಷ್ಟರಲ್ಲಿ ಸಾವ್ಕಾರ್ರ ಫೋನೂ ಬಂತು. ಮ್ಯಾನೇಜರು ಅವರಿಗೆ ಆಗಲೇ ಹೇಳಿಯಾಗಿತ್ತು.

"ಲೇ ವೀರೇಶ, ಅವ್ರು ಹೇಳಿದ್ದು ಬರದು ಬಾರಲೇ. ನಮ್ಮ ದೊಡ್ಡ ಗಿರಾಕಿ ಅದು. ಆ ಹೆಣ್ಮಗಳು ನಿನಗ ಏನಾಗಬೇಕು?"

"ಏನೂ ಆಗಬೇಕಿಲ್ರಿ. ಕಂಪ್ಲಿ ಹನುಮಂತನೂ ಏನೂ ಆಗಬೇಕಿರಲಿಲ್ಲ."

"ನಿಂದೇ ತಪ್ಪು ಅಂತ ಬರಕೊಟ್ರ ಏಜೆನ್ಸಿ ಮರ್ಯಾದಿ ಏನಾಗ್ತದ? ಹಂಗ ಬರದ್ರ ನಾಳಿಂದ ಅಂಗಡಿಗೆ ಬರಬ್ಯಾಡ ನೋಡು."

"ನಾಳಿಂದ ತಾನೇ ಸಾವ್ಕಾರ್ರ? ಇವತ್ತಿಂದು ಮುಗಿಸ್ತೀನಿ" ಎಂದು ಫೋನು ಜೇಬಿಗೆ ಹಾಕಿದೆ. ಅವತ್ತು ಸಿಟ್ಟೂ ಇತ್ತು, ಭಯವೂ ಇತ್ತು.

ಟಿಪ್ಪರುಗಳು ನಿಂತ ಸುದ್ದಿ ತಿಳಿದು ಕಂಪನಿಯ ಧಣಿಗಳು ಅಷ್ಟರಲ್ಲಿ ಬಂದಿಳಿದರು. ವಯಸ್ಸಾದವರು, ಮಾತು ಕಡಿಮೆ. ಮ್ಯಾನೇಜರು ಕಳ್ಳತನದ ಕಥೆ ಹೇಳಿ ಮುಗಿಸುವವರೆಗೆ ಕಾದು ನಾನು ಮುಂದೆ ಹೋದೆ.

"ಧಣಿ, ಒಂದ್ ಮಾತು. ಸಾಹೇಬ್ರ ಕಂಪ್ಯೂಟರಿಂದ ನೀವೇ ಏನಾರ ಒಂದು ಪ್ರಿಂಟ್ ಕೊಡ್ರಿ. ಎಲ್ಲಿ ಬರ್ತದ ನೋಡೋಣು."

"ಧಣಿಗಳಿಗೆ ಹಿಂಗ ಹೇಳ್ತೀರೇನ್ರೀ?" ಎಂದು ಮ್ಯಾನೇಜರು ಗದರಿದರು. ಧಣಿಗಳು ಆಗಲೇ ಒಳಗೆ ಹೋಗಿ ಕೂತಿದ್ದರು. ಏನು ಪ್ರಿಂಟ್ ಕೊಡುವುದೆಂದು ಹುಡುಕಿ, ಪರದೆಯ ಮೇಲೆ ಎದುರಿಗೇ ಕಂಡ ಆಯುಧಪೂಜೆಯ ಫೋಟೋ ಒತ್ತಿದರು. ಕ್ಯಾಬಿನ್ನಿನ ಪ್ರಿಂಟರು ಸುಮ್ಮನೆ ಕೂತಿತ್ತು. ಅಂಗಳದಾಚೆಯಿಂದ ಹುಲಿಗೆಮ್ಮ ಕೂಗಿದರು, "ಇಲ್ಲಿ ಬರಾಕತ್ತೈತ್ರೀ!"

ಎಲ್ಲರೂ ಕಾಟಾ ಕೋಣೆಗೆ ನಡೆದೆವು. ಕಾಗದ ಟ್ರೇಯಲ್ಲಿತ್ತು. ಫೋಟೋದಲ್ಲಿ ಧಣಿಗಳು, ಪಕ್ಕದಲ್ಲಿ ಕೈಕಟ್ಟಿ ನಗುತ್ತಿರುವ ಮ್ಯಾನೇಜರು, ಮುಂದೆ ಸಾಲಾಗಿ ಎಲ್ಲಾ ಯಂತ್ರಗಳು. ಎರಡೂ ಪ್ರಿಂಟರುಗಳ ವೈರು ಕಿತ್ತು ಪಕ್ಕಕ್ಕೆ ಬಿದ್ದಿದೆ. ನಡುವೆ ಹಾರ ಹಾಕಿಸಿಕೊಂಡ ರೂಟರ್. ಅದನ್ನು ತೋರಿಸಿ ನಂಬರಿನ ಕಥೆಯನ್ನೆಲ್ಲ ಬಿಡಿಸಿ ಹೇಳಿದೆ.

ಧಣಿಗಳು ಫೋಟೋದಿಂದ ತಲೆ ಎತ್ತಿದರು. "ಯಾರ ತಪ್ಪು? ಒಂದ್ ಮಾತಿನ್ಯಾಗ ಹೇಳಪ."

"ನಂದು ಧಣಿ. ಖಾಯಂ ನಂಬರ್ ಹಾಕಬೇಕಿತ್ತು, ಹಾಕಿರಲಿಲ್ಲ. ಆಪರೇಟರದು ಏನೂ ತಪ್ಪಿಲ್ಲ."

ಅಲ್ಲೇ ಕಾಟಾದ ಕಿಟಕಿಯ ಮೇಲೆ ಶೀಟು ಇಟ್ಟು ಹಾಗೇ ಬರೆದು ಸಹಿ ಹಾಕಿ, ಬಿಳಿ ಪ್ರತಿಯನ್ನು ಧಣಿಗಳ ಕೈಗೇ ಕೊಟ್ಟೆ. ಆಮೇಲೆ ಎರಡೂ ಪ್ರಿಂಟರಿಗೆ ಖಾಯಂ ನಂಬರು ಹಾಕಿದೆ.

ಹೊಸಬರು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಇದರಿಂದ ನನಗೆ ಒಳ್ಳೆಯದೇನೂ ಆಗಲಿಲ್ಲ. ಸಂಡೂರಿನ ಆ ಕಂಪನಿ ಬೇರೆ ಏಜೆನ್ಸಿಗೆ ಹೋಯಿತು. ಸಾವ್ಕಾರ್ರು ಎರಡು ತಿಂಗಳು ನನ್ನನ್ನು ಅಂಗಡಿ ಹತ್ತಿಸಲಿಲ್ಲ. ಕಡೆಗೆ ಅವರ ಗಿರಾಕಿಗಳೇ ವೀರೇಶ ಎಲ್ಲಿ ಎಂದು ಕೇಳತೊಡಗಿದ ಮೇಲೆ ಕರೆಸಿಕೊಂಡರು. ಆ ಹನ್ನೆರಡು ಮಂದಿಯ ಪಟ್ಟಿ ರದ್ದಾಯಿತೆಂದೂ ಹೇಳಲಾರೆ. ಮೊದಲೇ ತಿಳಿದದ್ದರಿಂದ ಒಟ್ಟಾಗಿ ಕಾರ್ಮಿಕ ಇಲಾಖೆಗೆ ಹೋದರು, ಕೆಲವರು ಉಳಿದರು, ಕೆಲವರು ಹೋದರು. ಹುಲಿಗೆಮ್ಮ ಉಳಿದರು. ಇವತ್ತಿಗೂ ಅಲ್ಲೇ ಇದ್ದಾರೆ. ಇಷ್ಟಕ್ಕೆ ಇಷ್ಟೆಲ್ಲಾ ಬೇಕಿತ್ತೇ ಎಂದು ಕೇಳುವವರಿಗೆ ನನ್ನ ಉತ್ತರ, ಹೌದು, ಬೇಕಿತ್ತು.

ಅವತ್ತು ನಾನು ಸಾಮಾನು ಚೀಲಕ್ಕೆ ತುಂಬುತ್ತಿದ್ದಾಗ ಮ್ಯಾನೇಜರು, ಹೋದ ತಮ್ಮ ಮಾನ ಸ್ವಲ್ಪವಾದರೂ ಹಿಂದಕ್ಕೆ ತರಬೇಕೆಂದು ಎಲ್ಲರ ಎದುರಿಗೆ ಹುಲಿಗೆಮ್ಮನಿಗೆ ಬೆರಳು ತೋರಿಸಿದರು. "ಈ ಸಲ ಬಿಟ್ಟೀವಿ. ಇನ್ನ ಮ್ಯಾಲೆ ಇಂಥಾ ಕಾಗದ ಬಂದ್ರ ಬಾಯಿ ಮುಚ್ಕಂಡು ನನಗ ತಂದು ಕೊಡಬೇಕು. ತಿಳೀತಾ?"

ಹುಲಿಗೆಮ್ಮ ಸೆರಗು ಸರಿಮಾಡಿಕೊಂಡು ತನ್ನ ಕುರ್ಚಿಯಲ್ಲಿ ಕೂತರು. ನಾನು ಬಂದಾಗಿನಿಂದ ಆಕೆ ಕೂತದ್ದು ಅದೇ ಮೊದಲು.

"ಈ ಮಷೀನಿಗೆ ಬಂದ ಹೆಸರು ಕೂಗಾದು ನನ್ನ ಕೆಲಸ ಐತ್ರಿ ಸರ" ಎಂದರು. "ನಿಮ್ಮ ಹೆಸರು ಬಂದ್ರೂ ಕೂಗ್ತೀನಿ."